ಕಲೆಯೆಲ್ಲ ಹುಳುಕಲ್ಲ

ಹಲ್ಲು ನೋವೆಂದು ಆಸ್ಪತ್ರೆಗೆ ಹೋದಾಗ ಮಾತ್ರೆ ಸಿಕ್ಕರೆ ಸಾಕೆನ್ನುತ್ತೇವೆ. ಓಪಿಡಿ ಚೀಟಿಯಲ್ಲಿ ಬರೆದ ರೋಗದ ಹೆಸರನ್ನು ಯಾರೂ ಓದುವುದಿಲ್ಲ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರು ಮಾತ್ರ ಅದನ್ನು ಓದಲೇಬೇಕು. ಏಕೆಂದರೆ ಕೂಡ್ಲಿಗಿ ಸುತ್ತಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ, ಅದು ಹಲ್ಲಿನ ಮೇಲೆ ಕಲೆ ಮೂಡಿಸುತ್ತದೆ.

ತಪ್ಪು ಕಲ್ಪನೆ: ಹಲ್ಲಿನ ಮೇಲಿನ ಕಂದು ಕಲೆಯೆಲ್ಲ ಹುಳುಕು.

ಸತ್ಯ: ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದರೆ ಬಿಳಿ, ಕಂದು ಕಲೆ ಮೂಡುತ್ತದೆ. ಇದು ದಂತ ಫ್ಲೋರೋಸಿಸ್. ಸಾಮಾನ್ಯವಾಗಿ ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ಬಗೆಯಾಗಿ ಕಾಣುತ್ತದೆ. ಹುಳುಕು ಹಾಗಲ್ಲ, ದವಡೆ ಹಲ್ಲಿನ ಗೆರೆಗಳಲ್ಲೋ ಎರಡು ಹಲ್ಲುಗಳ ಸಂದಿಯಲ್ಲೋ ಶುರುವಾಗಿ ಗುಳಿ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಫ್ಲೋರೋಸಿಸ್‌ ಕೆ00.3ರಲ್ಲಿ ಸೇರುತ್ತದೆ, ಹುಳುಕಿನ ಸಂಕೇತ ಕೆ02. ಒಬ್ಬರಿಗೇ ಎರಡೂ ಇರಬಹುದು. ಆಗ ಎರಡನ್ನೂ ಬರೆಯಬೇಕು.

ತಪ್ಪು ಕಲ್ಪನೆ: ಹಲ್ಲನ್ನು ಹುಳ ತಿನ್ನುತ್ತದೆ.

ಸತ್ಯ: ಹೆಸರಿನಲ್ಲಷ್ಟೇ ಹುಳ. ಸಿಹಿಯನ್ನು ಬಾಯಿಯ ಬ್ಯಾಕ್ಟೀರಿಯಾ ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. ಹೊಗೆ ಹಾಕಿ ಹುಳ ಉದುರಿಸಿದರೆಂದು ನಂಬಿ ಕೂತರೆ ಗುಳಿ ಆಳವಾಗುತ್ತಲೇ ಹೋಗುತ್ತದೆ.

ತಪ್ಪು ಕಲ್ಪನೆ: ಚೀಟಿಯಲ್ಲಿ ‘ಹಲ್ಲು ನೋವು’ ಎಂದಿದ್ದರೆ ಸಾಕು.

ಸತ್ಯ: ನೋವು ಲಕ್ಷಣ, ರೋಗವಲ್ಲ. ಹುಳುಕು ಹೊರಪದರವಾದ ಎನಾಮಲ್‌ನಲ್ಲೇ ನಿಂತಿದ್ದರೆ ಕೆ02.0, ಒಳಗಿನ ಡೆಂಟಿನ್ ಮುಟ್ಟಿದ್ದರೆ ಕೆ02.1, ತಿರುಳಿಗೆ ಉರಿಯೂತವಾಗಿದ್ದರೆ ಕೆ04.0. ಮೊದಲ ಹಂತದಲ್ಲಿ ಗುಳಿ ಬೀಳುವ ಮುನ್ನವೇ ತಡೆಯಬಹುದು, ಎರಡನೆಯದಕ್ಕೆ ಸಾಮಾನ್ಯವಾಗಿ ಸಿಮೆಂಟ್ ತುಂಬುತ್ತಾರೆ, ಮೂರನೆಯದಕ್ಕೆ ಹಲವು ಸಲ ರೂಟ್ ಕೆನಾಲ್ ಬೇಕಾಗುತ್ತದೆ. ಚೀಟಿಯಲ್ಲಿ ಆಳ ಬರೆದಿದ್ದರೆ ಮುಂದೆ ನೋಡುವ ವೈದ್ಯರಿಗೆ ರೋಗ ಎಷ್ಟು ಬೆಳೆದಿದೆ ಎಂಬುದು ತಿಳಿಯುತ್ತದೆ.

ತಪ್ಪು ಕಲ್ಪನೆ: ಹಾಲು ಹಲ್ಲು ಹೇಗೂ ಬೀಳುತ್ತದೆ, ಅದಕ್ಕೆಂಥ ದಾಖಲೆ?

ಸತ್ಯ: ಪ್ರತಿ ಹಲ್ಲಿಗೂ ಎರಡಂಕಿಯ ಗುರುತಿದೆ. ಕೆಳಗಿನ ಎಡ ದವಡೆಯ 75 ಹಾಲು ಹಲ್ಲು. ಅದರ ಹಿಂದೆಯೇ ಆರು ವರ್ಷದ ಸುಮಾರಿಗೆ ಹುಟ್ಟುವ 36 ಶಾಶ್ವತ ಹಲ್ಲು. ಇದನ್ನೂ ಹಾಲು ಹಲ್ಲೆಂದು ತಿಳಿದು ಹಾಳಾಗಲು ಬಿಡುವ ಮನೆಗಳು ಬಹಳ. 75 ಕೂಡ ಹತ್ತು ಹನ್ನೆರಡನೇ ವಯಸ್ಸಿನವರೆಗೆ ಅಗಿಯಬೇಕು, ತನ್ನ ಬದಲಿಗೆ ಮುಂದೆ ಬರುವ ಶಾಶ್ವತ ಹಲ್ಲಿಗೆ ಜಾಗ ಕಾಯಬೇಕು.

ತಪ್ಪು ಕಲ್ಪನೆ: ಈ ಸಂಕೇತಗಳೆಲ್ಲ ಕಚೇರಿಯ ಲೆಕ್ಕಕ್ಕೆ.

ಸತ್ಯ: ಒಂದೇ ಹಳ್ಳಿಯ ಮಕ್ಕಳ ಚೀಟಿಗಳಲ್ಲಿ ಕೆ00.3 ಮತ್ತೆ ಮತ್ತೆ ಬಂದರೆ ಆ ಊರಿನ ನೀರು ಪರೀಕ್ಷಿಸಬೇಕೆಂದು ಅರ್ಥ. ಕುಡಿಯುವ ನೀರಿನ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆಗೂ ಮಿತಿ 1.5. ಫ್ಲೋರೋಸಿಸ್ಸನ್ನೂ ಹುಳುಕೆಂದೇ ಬರೆದರೆ ತಪ್ಪು ಸಿಹಿತಿಂಡಿಯ ಮೇಲೆ ಬೀಳುತ್ತದೆ, ಕೊಳವೆಬಾವಿ ಹಾಗೆಯೇ ಉಳಿಯುತ್ತದೆ.

ಮುಂದಿನ ಸಲ ಹಲ್ಲಿನ ವೈದ್ಯರ ಬಳಿ ಹೋದಾಗ ಮೂರು ಮಾತು ಕೇಳಿ: ಯಾವ ಹಲ್ಲು, ಎಷ್ಟು ಆಳ, ಕಲೆಯೋ ಹುಳುಕೋ? ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ, ಆ ಚೀಟಿಯನ್ನು ಜೋಪಾನವಾಗಿಡಿ.