ಅಪ್ಪ ಓಟು ಕೇಳಲು ಹೊರಟಾಗ

ನಮ್ಮಪ್ಪ ಚುನಾವಣೆಗೆ ನಿಂತಾಗ ಮೊದಲು ಕಲಿಯಬೇಕಾಗಿ ಬಂದಿದ್ದು ಕೈ ಮುಗಿಯೋದನ್ನ. ಕಾನ್‌ಸ್ಟೇಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತರಾದವರು. ಸಲ್ಯೂಟ್ ಹೊಡೆದು ಅಭ್ಯಾಸ. ಕೈ ಮುಗಿದರೆ ಮಾತ್ರ ಯಾರನ್ನೋ ತಡೆದು ನಿಲ್ಲಿಸುತ್ತಿರುವ ಹಾಗೆ ಕಾಣುತ್ತಿತ್ತು!

ಅದು 2020ರ ಡಿಸೆಂಬರ್. ರಾಜ್ಯದಲ್ಲಿ 22 ಮತ್ತು 27ರಂದು ಎರಡು ಹಂತದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ. ವರ್ಕ್ ಫ್ರಮ್ ಹೋಮ್ ಇದ್ದಿದ್ದರಿಂದ ನಾನೂ ಊರಲ್ಲೇ ಇದ್ದೆ. ಹಗಲು ಲ್ಯಾಪ್‌ಟಾಪ್, ಸಂಜೆ ಅಪ್ಪನ ಜೊತೆ ಕರಪತ್ರ ಹಂಚೋದು.

‘ಪೆನ್ಷನ್ ಬರುತ್ತೆ, ಸುಮ್ನೆ ಮನೇಲಿರಬಾರ್ದಾ?’ ಅಂತ ಅಮ್ಮ ಗೊಣಗಿದರು. ‘ಚರಂಡಿ ಜಗಳ, ನಲ್ಲಿ ಜಗಳ ಎಲ್ಲಾ ಸ್ಟೇಷನ್‌ವರೆಗೂ ಬರೋದು ನೋಡಿದ್ದೀನಿ ಕಣೆ. ಪಂಚಾಯಿತಿ ಸರಿ ಇದ್ರೆ ಅರ್ಧ ಗಲಾಟೆ ಅಲ್ಲೇ ಮುಗಿಯುತ್ತೆ’ ಅಂದರು ಅಪ್ಪ.

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಹಾಗಾಗಿ ಓಟು ಹಾಕುವ ಪ್ರತಿಯೊಬ್ಬರೂ ನಿಮಗೆ ಗೊತ್ತು, ನಿಮ್ಮ ಹಳೇದೆಲ್ಲ ಅವರಿಗೂ ಗೊತ್ತು. ಜೀಪಿನಲ್ಲಿ ಓಡಾಡಿದ ಅಪ್ಪನಿಗೆ ಸಿಕ್ಕ ಚಿಹ್ನೆ ಆಟೋ ರಿಕ್ಷಾ. ಕರಪತ್ರ ಡಿಸೈನ್ ಮಾಡಿದ್ದು ನಾನೇ. ಮಧ್ಯದಲ್ಲಿ ಯೂನಿಫಾರ್ಮ್ ಫೋಟೋ ದೊಡ್ಡದಾಗಿ ಹಾಕಿದ್ದೆ.

ಕೆಳಗಿನ ಬೀದಿಯ ಒಂದು ಮನೆ ಹತ್ತಿರ ಬಂದಾಗ ಅಪ್ಪನ ನಡಿಗೆ ನಿಧಾನವಾಯಿತು. ವರ್ಷಗಳ ಹಿಂದೆ ಹಬ್ಬದ ದಿನ ಇಸ್ಪೀಟ್ ಅಡ್ಡೆ ಮೇಲೆ ದಾಳಿಯಾದಾಗ ಸಿಕ್ಕಿಬಿದ್ದವರಲ್ಲಿ ಆ ಮನೆಯ ಹುಡುಗನೂ ಇದ್ದ. ‘ನಮ್ಮೂರವರಲ್ವಾ ಸಾರ್’ ಅಂದಿದ್ದಕ್ಕೆ ಅಪ್ಪ ಎಲ್ಲರೆದುರು ಅವನ ಕೆನ್ನೆಗೆ ಹೊಡೆದಿದ್ದರು.

ಬಾಗಿಲಿಗೆ ಅವನ ತಾಯಿ ಬಂದರು. ‘ಅವತ್ತು ಸ್ಟೇಷನ್ ಬಾಗ್ಲಲ್ಲಿ ರಾತ್ರಿವರೆಗೂ ನಿಂತಿದ್ದೆ ಸ್ವಾಮಿ. ಕೂತ್ಕೋ ಅಂತ ಒಂದ್ ಮಾತು ಅನ್ಲಿಲ್ಲ ನೀವು. ಬನ್ನಿ ಒಳಗೆ, ಕೂತ್ಕಳಿ.’

ಅಪ್ಪ ಕೂತರು. ಕಾಫಿ ಬಂತು. ಸ್ವಲ್ಪ ಹೊತ್ತಿನ ಮೇಲೆ, ‘ಹಿಡಿದಿದ್ದು ಕಾನೂನು ಕಣಮ್ಮ. ಹೊಡೆದಿದ್ದು ನಾನು. ಅದು ತಪ್ಪು’ ಅಂದರು. ಆಕೆ ಏನೂ ಹೇಳಲಿಲ್ಲ. ಮಗ ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಅಪ್ಪ ಓಟು ಕೇಳದೆ ಎದ್ದರು.

ರಾತ್ರಿ ಮನೆಗೆ ಬಂದವರೇ, ‘ಆ ಫೋಟೋ ತೆಗಿ’ ಅಂದರು.

‘ಅದೇ ಅಲ್ವಾ ಅಪ್ಪ ನಿಮ್ಮ ಗುರುತು?’

‘ಅದನ್ನ ನೋಡಿ ನಂಬಿ ಓಟ್ ಹಾಕ್ತಾರೋ, ಹೆದರಿ ಹಾಕ್ತಾರೋ, ನಂಗೆ ಹೆಂಗಪ್ಪಾ ಗೊತ್ತಾಗುತ್ತೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಳಿ ಶರ್ಟಿನ ಫೋಟೋ ಹಾಕಿ ಮತ್ತೆ ಪ್ರಿಂಟ್ ಮಾಡಿಸಿದೆ.

ಡಿಸೆಂಬರ್ 30ರಂದು ಎಣಿಕೆ. ಅಪ್ಪ ಕೆಲವೇ ಓಟುಗಳಿಂದ ಸೋತರು. ಆ ಮನೆಯ ಓಟು ಯಾರಿಗೆ ಬಿತ್ತೋ, ಗೊತ್ತಿಲ್ಲ. ಹಳೇ ಫೋಟೋನೇ ಇದ್ದಿದ್ದರೆ ಗೆಲ್ಲುತ್ತಿದ್ದರೇನೋ ಅಂತ ನನಗೆ ಈಗಲೂ ಒಮ್ಮೊಮ್ಮೆ ಅನಿಸುತ್ತೆ. ಅಪ್ಪನಿಗೆ ಅನಿಸಲ್ಲ.

ಗ್ರಾಮಸಭೆಗೆ ಹೋಗೋಕೆ ಗೆದ್ದಿರಲೇಬೇಕು ಅಂತೇನಿಲ್ಲ, ಆ ಊರಿನ ಮತದಾರರಾಗಿದ್ದರೆ ಸಾಕು. ಅಪ್ಪ ಒಂದನ್ನೂ ತಪ್ಪಿಸಲ್ಲ. ಬೀದಿ ದೀಪ, ಚರಂಡಿ, ಉದ್ಯೋಗ ಖಾತ್ರಿ ಕೂಲಿ ಬಗ್ಗೆ ಎದ್ದು ನಿಂತು ಕೇಳ್ತಾರೆ. ಕಳೆದ ಸಲ ನಾನೂ ಹೋಗಿದ್ದೆ. ಹಿಂದೆ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸಿಗೆ ಅಪ್ಪ ತಮ್ಮ ಕುರ್ಚಿ ಬಿಟ್ಟುಕೊಟ್ಟು, ‘ಕೂತ್ಕಳಮ್ಮ’ ಅಂದರು.