ನಿಲಂಗಾದ ದಾದಾಸಾಹೇಬ: ಒಂಬತ್ತು ತಿಂಗಳ ಗದ್ದುಗೆ, ಐದು ದಶಕದ ರಾಜಕಾರಣ

ಶಿರೂರ ಅನಂತಪಾಳ: ಈ ಭಾಗದ ಕನ್ನಡ ಮನೆಗಳ ಬೀಗಸ್ತನ ಭಾಲ್ಕಿ, ಔರಾದ, ಬಸವಕಲ್ಯಾಣ ಕಡೆ. ಮತ ಮಾತ್ರ ನಿಲಂಗಾಕ್ಕೆ. ಆ ನಿಲಂಗಾ ಅಂದರೆ ಬಹಳ ವರ್ಷ ಒಂದೇ ಹೆಸರು, ಶಿವಾಜಿರಾವ ಪಾಟೀಲ ನಿಲಂಗೇಕರ. ಹಿಂಬಾಲಕರ ಬಾಯಲ್ಲಿ ದಾದಾಸಾಹೇಬ.

1931ರ ಫೆಬ್ರುವರಿ 9ರಂದು ಹುಟ್ಟಿದಾಗ ನಿಲಂಗಾ ನಿಜಾಮರ ರಾಜ್ಯದ ಬೀದರ ಜಿಲ್ಲೆಯಲ್ಲಿತ್ತು. ಹೈದರಾಬಾದ ವಿಮೋಚನಾ ಚಳವಳಿಯಲ್ಲಿ ಭಾಗವಹಿಸಿದಾಗ ಅವರಿನ್ನೂ ಹುಡುಗ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆ ಆಯಿತು. ಬೀದರ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಆಗಿನ ಮುಂಬೈ ರಾಜ್ಯಕ್ಕೆ ಹೋದವು. ಭಾಲ್ಕಿ, ಹುಮನಾಬಾದ ಮೈಸೂರಿಗೆ ಬಂದವು. ಅತ್ತೆ ಮನೆ ಒಂದು ರಾಜ್ಯದಾಗ, ತವರು ಇನ್ನೊಂದರಾಗ. ಮನೆಯೊಳಗ ಕನ್ನಡ, ಶಾಲೆ-ಕಚೇರಿಯಲ್ಲಿ ಮರಾಠಿ ಎಂಬ ಸ್ಥಿತಿ ಅಂದಿನಿಂದ ಗಟ್ಟಿಯಾಯಿತು. ಆಗ ಅವರಿಗೆ 25 ವರ್ಷ.

1962ರಲ್ಲಿ ಕಾಂಗ್ರೆಸ್‌ನಿಂದ ಮೊದಲ ಸಲ ವಿಧಾನಸಭೆಗೆ ಹೋದರು. 1982ರ ಆಗಸ್ಟ್‌ನಲ್ಲಿ ಉಸ್ಮಾನಾಬಾದದಿಂದ ಬೇರೆಯಾಗಿ ಲಾತೂರ ಜಿಲ್ಲೆ ಆಯಿತು. ಮೂರು ವರ್ಷದೊಳಗೇ ಆ ಹೊಸ ಜಿಲ್ಲೆಗೆ ಮುಖ್ಯಮಂತ್ರಿ ಪದವಿ ಬಂತು. 1985ರ ಜೂನ್‌ನಲ್ಲಿ ವಸಂತದಾದಾ ಪಾಟೀಲರ ನಂತರ ನಿಲಂಗೇಕರರು ಅಧಿಕಾರ ಹಿಡಿದರು. ಶಂಕರರಾವ ಚವ್ಹಾಣರ ನಂತರ ಮರಾಠವಾಡಾದಿಂದ ಆ ಕುರ್ಚಿ ಏರಿದ ಎರಡನೆಯವರು. ಸಕ್ಕರೆ ಕಾರಖಾನೆಗಳ ಪಶ್ಚಿಮ ಮಹಾರಾಷ್ಟ್ರದ ಮುಂದೆ ಸದಾ ಹಿಂದೆ ಬಿದ್ದ ಈ ನಾಡಿಗೆ ಅದು ಸಣ್ಣ ಮಾತಲ್ಲ.

ಆದರೆ ಕುರ್ಚಿ ಉಳಿಯಲಿಲ್ಲ. ಮುಂಬೈ ವಿಶ್ವವಿದ್ಯಾಲಯದ ಎಂ.ಡಿ. ಪರೀಕ್ಷೆಯಲ್ಲಿ ಅವರ ಮಗಳಿಗೆ ಅನುಕೂಲವಾಗುವಂತೆ ಅಂಕ ತಿದ್ದಲಾಗಿದೆ ಎಂದು, ಅದೇ ಪರೀಕ್ಷೆಯಲ್ಲಿ ನಪಾಸಾದ ವೈದ್ಯರೊಬ್ಬರು ಹೈಕೋರ್ಟಿಗೆ ಹೋದರು. ವಿರೋಧ ಪಕ್ಷದ ದೊಡ್ಡ ಧುರೀಣರಲ್ಲ, ಒಬ್ಬ ಪರೀಕ್ಷಾರ್ಥಿ! ತೀರ್ಪು ಮುಖ್ಯಮಂತ್ರಿಗೆ ವಿರುದ್ಧವಾಗಿ ಬಂತು, 1986ರ ಮಾರ್ಚ್‌ನಲ್ಲಿ ರಾಜೀನಾಮೆ. ಶಂಕರರಾವ ಚವ್ಹಾಣರು ಮತ್ತೆ ಬಂದರು. ಪ್ರಕರಣ ಸುಪ್ರೀಂ ಕೋರ್ಟ್‌ ತನಕ ಹೋಯಿತು. ಇವತ್ತಿಗೂ ವಕೀಲಕಿ ಓದುವವರಿಗೆ ನಿಲಂಗೇಕರರ ಹೆಸರು ಮೊದಲು ಸಿಗುವುದು ಆ ಮೊಕದ್ದಮೆಯಿಂದಲೇ. ಇಷ್ಟು ವರ್ಷದ ದುಡಿಮೆಗೆ ಅದು ಕಹಿ ಗುರುತು, ಆದರೂ ತಪ್ಪಾದ ಗುರುತು ಅನ್ನಲಾಗದು.

ಲಾತೂರ ಜಿಲ್ಲೆಗೆ ಮತ್ತೊಮ್ಮೆ ಮುಖ್ಯಮಂತ್ರಿ ಪದವಿ ಬರಲು 1999ರ ತನಕ ಕಾಯಬೇಕಾಯಿತು. ಆಗ ಬಂದವರು ವಿಲಾಸರಾವ ದೇಶಮುಖ.

ನಿಲಂಗೇಕರರ ದೊಡ್ಡ ಜಗಳ ಮಾತ್ರ ಮನೆಯೊಳಗೇ ಕಾದಿತ್ತು. 2004ರಲ್ಲಿ ಸೊಸೆ ರೂಪಾತಾಯಿ ಬಿಜೆಪಿಯಿಂದ ನಿಂತು ಲಾತೂರ ಲೋಕಸಭೆಯಲ್ಲಿ ಶಿವರಾಜ ಪಾಟೀಲರಂಥವರನ್ನು ಸೋಲಿಸಿದರು. ಅದೇ ವರ್ಷ ವಿಧಾನಸಭೆಗೆ ರೂಪಾತಾಯಿಯವರ ಮಗ ಸಂಭಾಜಿ ಬಿಜೆಪಿ ಅಭ್ಯರ್ಥಿ. ಎದುರಿಗೆ ಸ್ವತಃ ಅಜ್ಜ. ಅಜ್ಜ ಸೋತ, ಮೊಮ್ಮಗ ಗೆದ್ದ. ಒಂದೇ ಅಡ್ಡಹೆಸರು ಎರಡು ಚಿಹ್ನೆಯ ಮುಂದೆ ಕಂಡಾಗ ವಾಡೆಗೆ ನಿಷ್ಠರಾಗಿದ್ದ ಮನೆತನಗಳು ಯಾರ ಕಡೆ ಹೋಗಬೇಕು?

2009ರಲ್ಲಿ ಅಜ್ಜ ಮತ್ತೆ ಕಣಕ್ಕಿಳಿದರು. ವಯಸ್ಸು 78. ಈ ಸಲ ಮೊಮ್ಮಗ ಸೋತ. ಆ ಹೊತ್ತಿಗೆ ಕ್ಷೇತ್ರ ಪುನರ್‌ವಿಂಗಡಣೆ ಆಗಿ ನಿಲಂಗಾ ತಾಲೂಕಿನ ಒಂದು ಭಾಗ ಮತ್ತು ಶಿರೂರ ಅನಂತಪಾಳ, ದೇವಣಿ ತಾಲೂಕುಗಳು ಒಂದೇ ಮತಕ್ಷೇತ್ರದೊಳಗಿದ್ದವು. 2014ರಲ್ಲಿ ಅವರು ಮಗ ಅಶೋಕರಾವಗೆ ಜಾಗ ಬಿಟ್ಟುಕೊಟ್ಟರು. ಕಾಕಾನ ಎದುರು ಸಂಭಾಜಿ ಗೆದ್ದರು, 2019ರಲ್ಲೂ ಅದೇ ಫಲಿತಾಂಶ. ನಡುವೆ 2016ರಲ್ಲಿ ಮಂತ್ರಿಯೂ ಆದರು.

2020ರ ಆಗಸ್ಟ್ 5ರಂದು ಪುಣೆಯಲ್ಲಿ ದಾದಾಸಾಹೇಬರು ತೀರಿಕೊಂಡರು. ಕೋವಿಡ್‌ನಿಂದ ಚೇತರಿಸಿಕೊಂಡಿದ್ದರೂ ಮೂತ್ರಪಿಂಡದ ತೊಂದರೆ ಬಿಡಲಿಲ್ಲ. 89 ವರ್ಷ ವಯಸ್ಸಾಗಿತ್ತು. 2024ರಲ್ಲಿ ನಿಲಂಗಾ ಮತ್ತೆ ಸಂಭಾಜಿ ಪಾಟೀಲರನ್ನೇ ಆರಿಸಿತು, ಈ ಸಲ ಎದುರಿಗೆ ಮನೆಯವರಾರೂ ಇರಲಿಲ್ಲ.