ಎಳೆಯುವುದು ಮತ್ತು ಎತ್ತುವುದು: ಕೊಲ್ಹಾಪುರ ಸೀಮೆಯ ನದಿದಡದಲ್ಲಿ ದೋಣಿಯ ತಳದ ರಕ್ಷಣೆ

ದೋಣಿಯ ತಳಕ್ಕೆ ನಡುಹೊಳೆಗಿಂತ ದಡವೇ ಹೆಚ್ಚಿನ ಅಪಾಯದ ಜಾಗ. ತೇಲುವಾಗ ಅದರ ಭಾರವನ್ನು ನೀರು ತಳದ ಉದ್ದಗಲಕ್ಕೂ ಹಂಚಿ ಹೊರುತ್ತದೆ. ಮೂತಿ ನೆಲವನ್ನು ತಾಗಿದ ಕ್ಷಣದಲ್ಲಿ ಈ ಹಂಚಿಕೆ ಕೆಡುತ್ತದೆ. ಭಾರದ ಬಹುಪಾಲು ಒಂದು ಕಲ್ಲಿನ ಮೊನೆಯ ಮೇಲೋ ಒಂದು ಮೆಟ್ಟಿಲಿನ ಅಂಚಿನ ಮೇಲೋ ನಿಲ್ಲುತ್ತದೆ. ದೋಣಿ ಮರದ್ದಿರಲಿ, ಬಿದಿರಿನದಿರಲಿ, ಫೈಬರಿನದಿರಲಿ, ತಳದ ಹಾನಿಯ ಬಹುಭಾಗ ಈ ಕೆಲವೇ ಅಡಿಗಳ ಪಯಣದಲ್ಲಿ ಸಂಭವಿಸುತ್ತದೆ.

ಕೊಲ್ಹಾಪುರ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಕೊಲ್ಹಾಪುರ ಮತ್ತು ಇಚಲಕರಂಜಿಗಳನ್ನು ಹಾದು ಬರುವ ಪಂಚಗಂಗೆಯು ಶಿರೋಳ ತಾಲ್ಲೂಕಿನ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಕ್ಷಿಣದಲ್ಲಿ ಹಿರಣ್ಯಕೇಶಿಯು ಗಡಹಿಂಗ್ಲಜವನ್ನು ದಾಟಿ, ಸಂಕೇಶ್ವರದ ಮೂಲಕ ಘಟಪ್ರಭೆಯತ್ತ ಹರಿಯುತ್ತದೆ. ಈ ಹೊಳೆಗಳ ಎರಡೂ ದಡಗಳಲ್ಲಿ ಕನ್ನಡ ಮತ್ತು ಮರಾಠಿಗಳು ಒಂದೇ ಅಂಗಳದಲ್ಲಿ ಬಳಕೆಯಲ್ಲಿವೆ. ಸೇತುವೆಗಳು ಬಂದ ಮೇಲೆ ದಿನನಿತ್ಯದ ದೋಣಿದಾಟು ಕ್ಷೀಣಿಸಿತು. ಆದರೆ ಮಹಾಪೂರದ ದಿನಗಳಲ್ಲಿ ದೋಣಿಯೇ ಮತ್ತೆ ದಾರಿಯಾಗುತ್ತದೆ. ಕೊಲ್ಹಾಪುರದ ರಾಜಾರಾಂ ಬಂಧಾರದ ಬಳಿ ಪಂಚಗಂಗೆಯ ಮಟ್ಟ 39 ಅಡಿಗೆ ಬಂದರೆ ಎಚ್ಚರಿಕೆ, 43 ಅಡಿಗೆ ಬಂದರೆ ಅಪಾಯ ಎಂಬುದು ಗೊತ್ತುಪಡಿಸಿದ ಲೆಕ್ಕ. 2019 ಮತ್ತು 2021ರಲ್ಲಿ ಅದು 55 ಅಡಿಯನ್ನೂ ಮೀರಿತು. ನಿತ್ಯದ ರೂಢಿ ತಪ್ಪಿದ ಕೈಗಳು ಅತ್ಯಂತ ಕಠಿಣ ಸಂದರ್ಭದಲ್ಲಿ ದೋಣಿಯನ್ನು ದಡಕ್ಕೆ ತರಬೇಕಾಗಿ ಬಂದದ್ದು ಆಗಲೇ.

ತಳದ ಹಾನಿಗೆ ಮುಖ್ಯವಾಗಿ ಮೂರು ಕಾರಣಗಳು: ಹೊಡೆತ, ಉಜ್ಜಾಟ ಮತ್ತು ತಿರುಚುವಿಕೆ. ಹೊಡೆತವು ವೇಗವನ್ನು ಅವಲಂಬಿಸಿದೆ. ವೇಗ ಅರ್ಧಕ್ಕೆ ಇಳಿದರೆ ಆಘಾತದ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ಕೊನೆಯ ಕೆಲವು ಮಾರುಗಳನ್ನು ನಿಧಾನವಾಗಿ ಕ್ರಮಿಸುವುದಕ್ಕಿಂತ ಮಿಗಿಲಾದ ರಕ್ಷಣೆ ಇಲ್ಲ. ಉಜ್ಜಾಟವು ಭಾರವನ್ನೂ ನೆಲದ ಒರಟುತನವನ್ನೂ ಅನುಸರಿಸುತ್ತದೆ. ಜನರು ಒಳಗಿರುವಾಗಲೇ ದೋಣಿಯನ್ನು ಮೇಲಕ್ಕೆ ಎಳೆದರೆ ಪ್ರತಿ ಅಡಿಯಲ್ಲೂ ತಳ ಸವೆಯುತ್ತದೆ. ಮೂರನೆಯದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಮೂತಿ ನೆಲದಲ್ಲಿ ಸಿಕ್ಕಿ ಹಿಂಭಾಗ ತೇಲುತ್ತಿರುವಾಗ ಸೆಳವು ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಆಗ ಹಲಗೆಗಳ ಸಂದು ಸಡಿಲಗೊಂಡು, ಹೊರಗೆ ಗಾಯವೇ ಕಾಣದಿದ್ದರೂ ನೀರು ಒಸರತೊಡಗುತ್ತದೆ.

ಇದರಿಂದಲೇ ಹೊಳೆಯ ದಡ ಸೇರುವ ಕ್ರಮ ಸಮುದ್ರದ ಕ್ರಮಕ್ಕಿಂತ ಭಿನ್ನವಾಗಿದೆ. ಕರಾವಳಿಯಲ್ಲಿ ಅಲೆಯು ಹಿಂದಿನಿಂದ ಬರುತ್ತದೆ. ಅಲ್ಲಿ ದೋಣಿ ಅಲೆಗೆ ಅಡ್ಡವಾಗದಂತೆ ನೋಡಿಕೊಂಡು, ಅಲೆಯ ಬೆನ್ನಿನ ಮೇಲೆ ಮರಳಿಗೆ ಬಂದು, ಉರುಳುಮರಗಳ ಮೇಲೆ ಮೇಲೇರಿಸುತ್ತಾರೆ. ಹೊಳೆಯಲ್ಲಿ ಬಲವಿರುವುದು ಸೆಳವಿಗೆ. ಮೂತಿಯನ್ನು ಪ್ರವಾಹದ ಎದುರಿಗೆ ತಿರುಗಿಸಿ, ಓರೆಯಾಗಿ ದಡವನ್ನು ಸಮೀಪಿಸಿದರೆ ನೀರೇ ವೇಗವನ್ನು ತಗ್ಗಿಸುತ್ತದೆ, ಹಿಡಿತ ಅಂಬಿಗನ ಕೈಯಲ್ಲಿ ಉಳಿಯುತ್ತದೆ. ಪ್ರವಾಹದೊಂದಿಗೆ ಬಂದು ದಡಕ್ಕೆ ತಾಗಿದರೆ ದೋಣಿಯ ವೇಗಕ್ಕೆ ನೀರಿನ ವೇಗವೂ ಕೂಡಿಕೊಳ್ಳುತ್ತದೆ.

ದೋಣಿಯ ಜಾತಿಗೆ ತಕ್ಕಂತೆ ರಕ್ಷಣೆಯ ಬಗೆಯೂ ಬೇರೆ. ಹಲಗೆಯ ದೋಣಿಯ ಸಂದುಗಳಿಗೆ ನಾರು ತುಂಬಿ, ಮೇಲೆ ರಾಳವನ್ನೋ ಡಾಂಬರನ್ನೋ ಬಳಿಯುವುದು ಹಳೆಯ ಪದ್ಧತಿ. ಕರಾವಳಿಯಲ್ಲಿ ಮೀನೆಣ್ಣೆ, ಗೇರೆಣ್ಣೆಗಳೂ ಈ ಕೆಲಸಕ್ಕೆ ಬಂದಿವೆ. ಆದರೆ ಲೇಪವು ನೀರನ್ನು ತಡೆದೀತೇ ಹೊರತು ಕಲ್ಲನ್ನು ತಡೆಯಲಾರದು. ಅದಕ್ಕಾಗಿ ತಳದ ನಡುವೆ ಉದ್ದಕ್ಕೂ ಒಂದು ಮರದ ಅಥವಾ ಕಬ್ಬಿಣದ ಪಟ್ಟಿಯನ್ನು ಜೋಡಿಸುತ್ತಾರೆ. ಸವೆಯುವುದೇ ಅದರ ಕೆಲಸ. ಸವೆದಾಗ ಪಟ್ಟಿಯನ್ನು ಬದಲಿಸಿದರೆ ಸಾಕು, ಹಲಗೆ ಉಳಿಯುತ್ತದೆ. ಮರದ ದೋಣಿಯನ್ನು ದಡದ ಬಿಸಿಲಿನಲ್ಲಿ ಬಹುಕಾಲ ಬಿಡುವುದೂ ಹಾನಿಯೇ. ಒಣಗಿದ ಹಲಗೆ ಕುಗ್ಗಿ ಸಂದು ಬಾಯಿಬಿಡುತ್ತದೆ.

ಹರಿಗೋಲಿನ ಸ್ವಭಾವ ಇದಕ್ಕೆ ವಿರುದ್ಧ. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಚರ್ಮ ಹೊದಿಸಿದ ಬುಟ್ಟಿಯಾಕಾರದ ಈ ದೋಣಿಗಳನ್ನು ವರ್ಣಿಸಿದ್ದಾನೆ. 1803ರ ಮರಾಠಾ ಯುದ್ಧದ ಕಾಲದಲ್ಲಿ ಆರ್ಥರ್ ವೆಲ್ಲೆಸ್ಲಿಯು ಮಲಪ್ರಭಾ, ಘಟಪ್ರಭಾದಂಥ ಹೊಳೆಗಳನ್ನು ಸೇನೆ ದಾಟುವುದಕ್ಕಾಗಿ ಇಂಥವನ್ನೇ ಸಿದ್ಧಪಡಿಸಿದ್ದನು. ಹರಿಗೋಲಿಗೆ ನಡುತೊಲೆಯಿಲ್ಲ, ಹೆಣೆದ ಬಿದಿರು ಹೊಡೆತಕ್ಕೆ ಬಾಗಿ ಮತ್ತೆ ಮೊದಲಿನಂತಾಗುತ್ತದೆ. ಅದರ ಶತ್ರು ಉಜ್ಜಾಟ ಮತ್ತು ತೇವ. ಆದುದರಿಂದ ಅದನ್ನು ಎಳೆಯದೆ ಎತ್ತಿ ಒಯ್ದು, ದಡದಲ್ಲಿ ಬೋರಲು ಹಾಕಿ ಒಣಗಿಸುತ್ತಾರೆ. ಚರ್ಮದ ಸ್ಥಾನಕ್ಕೆ ಡಾಂಬರು ಬಳಿದ ಪ್ಲಾಸ್ಟಿಕ್ ಹೊದಿಕೆ ಬಂದ ಮೇಲೂ ಈ ನಿಯಮ ಬದಲಾಗಿಲ್ಲ. ಕೊಲ್ಹಾಪುರ–ಸಾಂಗ್ಲಿ ಸೀಮೆಯಲ್ಲಿ ಹರಿಗೋಲಿನ ಬಂಧುವೊಂದು ಗಾಣದ ಮನೆಯಿಂದಲೇ ಬಂದಿದೆ. ಬೆಲ್ಲಕ್ಕಾಗಿ ಕಬ್ಬಿನ ಹಾಲು ಕಾಯಿಸುವ ಅಗಲವಾದ ಕೊಪ್ಪರಿಗೆ, ಮರಾಠಿಯ ‘ಕಾಹೀಲ್’, ನೆರೆ ಬಂದಾಗ ಜನರನ್ನು ದಾಟಿಸುವ ಸಾಧನವೂ ಆಗಿದೆ. ಲೋಹದ ತಳ ಕಲ್ಲಿಗೆ ಜಗ್ಗದು. ಆದರೆ ಅಂಚಿನ ಮೇಲೆ ಒಬ್ಬನು ಕಾಲಿಟ್ಟರೂ ಕೊಪ್ಪರಿಗೆ ವಾಲುತ್ತದೆ. ಅಲ್ಲಿ ಇಳಿಯುವ ಕ್ರಮವು ತಳಕ್ಕಿಂತ ಹೆಚ್ಚಾಗಿ ಪ್ರಾಣಕ್ಕೆ ಸಂಬಂಧಿಸಿದ್ದು.

ಇಂದಿನ ರಕ್ಷಣಾ ದೋಣಿಗಳು ಫೈಬರಿನವು ಅಥವಾ ಗಾಳಿ ತುಂಬಿದ ರಬ್ಬರಿನವು. ಫೈಬರು ನೆಗ್ಗುವುದಿಲ್ಲ, ಸೀಳುತ್ತದೆ. ಮೇಲ್ಪದರದಲ್ಲಿ ಬಿದ್ದ ಗೀರಿನ ಮೂಲಕ ನೀರು ಒಳಪದರಗಳನ್ನು ಹೊಕ್ಕು ಕಾಲಕ್ರಮದಲ್ಲಿ ಬಲವನ್ನು ಕುಂದಿಸುತ್ತದೆ. ರಬ್ಬರಿಗೆ ಮೊನಚಾದ ಒಂದು ವಸ್ತು ಸಾಕು. ಮೋಟಾರು ಇದ್ದರೆ ನೆಲ ತಾಗುವ ಮೊದಲೇ ನಿಲ್ಲಿಸಿ ಮೇಲಕ್ಕೆ ಮಡಚಬೇಕು. ಇಲ್ಲದಿದ್ದರೆ ಮೊದಲ ಹೊಡೆತ ಅದರ ರೆಕ್ಕೆಗೇ ಬೀಳುತ್ತದೆ.

ಮಹಾಪೂರದಲ್ಲಿ ‘ದಡ’ ಎಂಬುದರ ಅರ್ಥವೇ ಬದಲಾಗುತ್ತದೆ. ಘಾಟಿನ ಮೆಟ್ಟಿಲುಗಳು ಮುಳುಗಿರುತ್ತವೆ. ದೋಣಿ ಸೇರುವುದು ಡಾಂಬರು ರಸ್ತೆಗೆ, ಮನೆಯ ಗೋಡೆಗೆ, ಹೊಲದ ಬದುವಿಗೆ. ಕೆಸರುನೀರಿನ ಕೆಳಗೆ ತಂತಿಬೇಲಿ, ಕಬ್ಬಿಣದ ಸಲಾಕೆ, ಕಬ್ಬಿನ ಕೂಳೆಗಳು ಅಡಗಿರುತ್ತವೆ. ಈ ಸೀಮೆಯ ಹೆಸರನ್ನೇ ಪಡೆದ ಕೊಲ್ಹಾಪುರ ಮಾದರಿಯ ಬಂಧಾರಗಳೂ ಇಲ್ಲಿ ಗಣನೆಗೆ ಬರುತ್ತವೆ. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುವ, ಮಳೆಗಾಲಕ್ಕೆ ಮುನ್ನ ಹಲಗೆ ತೆಗೆಯುವ ಈ ರಚನೆಗಳ ಕಂಬಗಳು ನೆರೆಯಲ್ಲಿ ಕಣ್ಮರೆಯಾಗಿ, ಬಂಡೆಯಷ್ಟೇ ಅಪಾಯಕಾರಿಯಾಗುತ್ತವೆ. ಆದುದರಿಂದ ಗಳದಿಂದ ಆಳ ನೋಡಿ, ಮೊಣಕಾಲುದ್ದದ ನೀರಿನಲ್ಲಿಯೇ ದೋಣಿ ನಿಲ್ಲಿಸಿ, ತೇಲುತ್ತಿರುವಾಗಲೇ ಜನರನ್ನು ಒಬ್ಬೊಬ್ಬರಾಗಿ ಇಳಿಸಿ, ಹಗುರಾದ ದೋಣಿಯನ್ನು ಎತ್ತಿ ಮೇಲಿಡುವುದು ಸುರಕ್ಷಿತ ಕ್ರಮ. ಎತ್ತಲಾಗದಷ್ಟು ಭಾರವಿದ್ದರೆ ಕೆಳಗೆ ಹಾಸು ಬೇಕು. ಕಬ್ಬಿನ ನಾಡಿನಲ್ಲಿ ರವದಿಗೆ ಕೊರತೆಯಿಲ್ಲ. ಒದ್ದೆ ರವದಿ, ಬಾಳೆಯ ದಿಂಡು, ಹಳೆಯ ಟೈರು, ಇವು ಯಾವುವಾದರೂ ತಳ ಮತ್ತು ಕಲ್ಲಿನ ನಡುವೆ ಮೆತ್ತೆಯಾಗಬಲ್ಲವು.

ಈ ಎಚ್ಚರ ಕೇವಲ ದೋಣಿಯ ಬೆಲೆಯ ಲೆಕ್ಕವಲ್ಲ. 2019ರ ಆಗಸ್ಟ್ 8ರಂದು ನೆರೆಯ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಸಂತ್ರಸ್ತರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಅನೇಕರು ಪ್ರಾಣ ಕಳೆದುಕೊಂಡರು. ಆ ದುರಂತವನ್ನು ತಳದ ಹಾನಿಗೆ ಜೋಡಿಸುವುದು ಸರಿಯಲ್ಲ. ಆದರೆ ದೋಣಿಗಳು ಕಡಿಮೆ, ಕಾಯುವ ಜನರು ಹೆಚ್ಚು ಎಂಬ ಸ್ಥಿತಿಯಲ್ಲಿ, ಮೊದಲ ಊರಿನ ಮೆಟ್ಟಿಲಿಗೆ ತಾಗಿ ಸೀಳಿದ ದೋಣಿ ಮುಂದಿನ ಊರಿಗೆ ಹೋಗಲಾರದು. ಉಳಿದ ದೋಣಿಗಳ ಮೇಲೆ ಭಾರ ಹೆಚ್ಚುತ್ತದೆ.

ಭಾಷೆಯ ಪ್ರಶ್ನೆ ಏಳುವುದು ಇಲ್ಲಿಯೇ. ದೋಣಿಯ ಶಬ್ದಸಂಪತ್ತಿನಲ್ಲಿ ಎರಡೂ ನುಡಿಗಳ ಕೊಡುಕೊಳ್ಳುವಿಕೆ ಸ್ಪಷ್ಟವಾಗಿದೆ. ‘ತಳ’ ಕನ್ನಡ ಮರಾಠಿಗಳೆರಡರಲ್ಲೂ ಒಂದೇ. ನಮ್ಮ ‘ಚುಕ್ಕಾಣಿ’ ಮತ್ತು ಮರಾಠಿಯ ‘ಸುಕಾಣೂ’ ಒಂದೇ ಅರಬ್ಬೀ ಮೂಲದವು. ನಾಮಪದಗಳಲ್ಲಿ ಇಷ್ಟು ಸಾಮ್ಯವಿದ್ದರೂ ಅಪಾಯದ ಹೊತ್ತಿನಲ್ಲಿ ಬೇಕಾಗುವುದು ಕ್ರಿಯಾಪದಗಳು, ಅವು ಬೇರೆಬೇರೆ. ಹೊರಗಿನಿಂದ ಬಂದ ರಕ್ಷಣಾ ಪಡೆಯವರ ಸೂಚನೆ ಕನ್ನಡವನ್ನಷ್ಟೇ ಬಲ್ಲ ವೃದ್ಧರಿಗೆ ತಿಳಿಯದಿದ್ದರೆ, ಎಲ್ಲರೂ ಒಮ್ಮೆಗೇ ಮುಂದಕ್ಕೆ ನುಗ್ಗುತ್ತಾರೆ. ಭಾರವೆಲ್ಲ ಮೂತಿಗೆ ಬೀಳುತ್ತದೆ. ‘ಹಿಂದ ಸರೀರಿ – ಮಾಗೇ ಸರಕಾ’, ‘ಒಬ್ಬೊಬ್ರ ಇಳೀರಿ – ಏಕೇಕ ಜಣ ಉತರಾ’, ‘ಎಳೀಬ್ಯಾಡ್ರಿ, ಎತ್ತ್ರಿ – ಓಢೂ ನಕಾ, ಉಚಲಾ’: ಇಂಥ ಮೂರು ಜೋಡಿ ಮಾತುಗಳನ್ನು ನದಿದಡದ ಶಾಲೆಗಳಲ್ಲಿ, ಪಂಚಾಯತಿಗಳ ಗೋಡೆಯ ಮೇಲೆ ಎರಡೂ ಲಿಪಿಗಳಲ್ಲಿ ಬರೆಸುವುದು ದುಬಾರಿ ಕೆಲಸವಲ್ಲ.

ಅಂಬಿಗರ ಬಾಯಲ್ಲಿ ಉಳಿದಿರುವ ಇಂಥ ಮಾತುಗಳನ್ನು ಸಂಗ್ರಹಿಸುವುದು ಭಾಷಾ ಅಧ್ಯಯನದ ಕೆಲಸವೂ ಹೌದು, ನೆರೆಯ ಸಿದ್ಧತೆಯೂ ಹೌದು. ಅದಕ್ಕೆ ತಕ್ಕ ಕಾಲ ಮಳೆಗಾಲಕ್ಕೆ ಮುಂಚಿನ ತಿಂಗಳುಗಳು: ಹೊಳೆ ತಗ್ಗಿರುತ್ತದೆ, ಮುಳುಗುವ ಮೆಟ್ಟಿಲೂ ಕಂಬವೂ ಬೇಲಿಯೂ ಕಣ್ಣಿಗೆ ಕಾಣುತ್ತಿರುತ್ತವೆ.